ಕಂಪ್ಯೂಟರ್‌ನ ಕೆಲಸಕ್ಕೆ ನಡುವೆ ಅಡ್ಡಿ ಬಂದರೆ ಏನಾಗುತ್ತದೆ? ಇಂಟರಪ್ಟ್‌ಗೆ ಹೆದರಿ, ಕೊನೆಗೆ ಅದನ್ನು ಪಳಗಿಸಿದ ಡೈಕ್‌ಸ್ಟ್ರಾ ಕಥೆ

ಫೋನ್‌ನಲ್ಲಿ ವಿಡಿಯೋ ನೋಡುತ್ತಿರುತ್ತೀರಿ. ನಡುವೆ ಕರೆ ಬರುತ್ತದೆ. ವಿಡಿಯೋ ನಿಲ್ಲುತ್ತದೆ, ನೀವು ಮಾತು ಮುಗಿಸುತ್ತೀರಿ, ವಿಡಿಯೋ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಬೇರೊಂದು ಕೆಲಸ ಮುಗಿಸಿ, ಏನೂ ಆಗಿಯೇ ಇಲ್ಲ ಎಂಬಂತೆ ಮರಳುವುದು ಯಂತ್ರಕ್ಕೆ ಸುಲಭವಲ್ಲ. 1957ರ ಸುಮಾರಿಗೆ ಈ ಯೋಚನೆಯನ್ನು ಕೇಳಿ ಒಬ್ಬ ಯುವ ಪ್ರೋಗ್ರಾಮರ್ ಗಾಬರಿಯಾದರು. ಒಪ್ಪಿಗೆ ಕೊಡದೆ 3 ತಿಂಗಳು ತಳ್ಳಿದರು. ಅವರೇ ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ.

ಡೈಕ್‌ಸ್ಟ್ರಾ ಹೆಸರು ಕೇಳಿದ ಕೂಡಲೇ ಇಂಜಿನಿಯರಿಂಗ್ ಓದಿದವರಿಗೆ ನೆನಪಾಗುವುದು ಎರಡು ಊರುಗಳ ನಡುವಿನ ಹತ್ತಿರದ ದಾರಿ ಹುಡುಕುವ ಅವರ ವಿಧಾನ. ಇವತ್ತಿನ ಮ್ಯಾಪ್ ಆ್ಯಪ್‌ಗಳ ದಾರಿ ಹುಡುಕಾಟದ ಬೇರು ಅದರಲ್ಲಿದೆ. ನಾವು ಇಲ್ಲಿ ಹೇಳಹೊರಟಿರುವುದು ಅಷ್ಟಾಗಿ ಯಾರೂ ಹೇಳದ ಇನ್ನೊಂದು ಭಾಗವನ್ನು. ಯಾವುದೋ ಸಾಧನ ಒಮ್ಮೆ ಕೈಕೊಡುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಹಾಗಾದರೆ ಅದರಲ್ಲಿ ದೋಷವಿಲ್ಲ ಎಂದು ನಾವೆಲ್ಲರೂ ನಂಬುತ್ತೇವೆ. ಈ ನಂಬಿಕೆ ಯಾಕೆ ತಪ್ಪು ಎಂಬುದಕ್ಕೆ ಡೈಕ್‌ಸ್ಟ್ರಾ ಅವರ ಬದುಕಿನಲ್ಲಿ ಉತ್ತರವಿದೆ.

ಕಾನೂನು ಓದಬೇಕೆಂದಿದ್ದ ಹುಡುಗ

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರದ ಮೇಷ್ಟ್ರು. ತಾಯಿ ಗಣಿತ ಬಲ್ಲವರು. ಹುಡುಗನಿಗೆ ಮಾತ್ರ ಕಾನೂನು ಓದಿ, ವಿಶ್ವಸಂಸ್ಥೆಯಲ್ಲಿ ತನ್ನ ದೇಶದ ಪ್ರತಿನಿಧಿಯಾಗಬೇಕೆಂಬ ಆಸೆ. ಆದರೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ ಕೊನೆಗೆ ಸೇರಿದ್ದು ಲೈಡನ್ ವಿಶ್ವವಿದ್ಯಾಲಯಕ್ಕೆ, ಭೌತಶಾಸ್ತ್ರ ಓದಲು.

1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕುರಿತು 3 ವಾರಗಳ ತರಬೇತಿ ನಡೆಯಿತು. ಡೈಕ್‌ಸ್ಟ್ರಾ ಅದಕ್ಕೆ ಹೋಗಿ ಬಂದರು. ಮರುವರ್ಷದ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಅರೆಕಾಲಿಕ ಕೆಲಸ ಸಿಕ್ಕಿತು. ಪ್ರೋಗ್ರಾಮರ್ ಎಂಬ ಹುದ್ದೆಗೆ ಆ ದೇಶದಲ್ಲಿ ನೇಮಕವಾದ ಮೊದಲಿಗರು ಅವರು.

ಆಗ ಆ ಕೆಲಸಕ್ಕೆ ಬೆಲೆಯೇ ಇರಲಿಲ್ಲ. ಭೌತಶಾಸ್ತ್ರವೋ ಪ್ರೋಗ್ರಾಮಿಂಗೋ ಎಂದು ಅವರು ಒದ್ದಾಡಿದರು. ಮೇಲಧಿಕಾರಿ ಆಡ್ರಿಯಾನ್ ವಾನ್ ವೈನ್‌ಗಾರ್ಡನ್ ಅವರ ಬಳಿ ಮನಸ್ಸು ಬಿಚ್ಚಿ ಮಾತಾಡಿದ ಮೇಲೆ ಪ್ರೋಗ್ರಾಮಿಂಗ್‌ನಲ್ಲೇ ಉಳಿಯಲು ನಿರ್ಧರಿಸಿದರು. 1957ರಲ್ಲಿ ಅದೇ ಕೇಂದ್ರದಲ್ಲಿ ಲೆಕ್ಕ ಮಾಡುವ ಕೆಲಸದಲ್ಲಿದ್ದ ರಿಯಾ ಅವರನ್ನು ಮದುವೆಯಾದರು. ನೋಂದಣಿಯ ವೇಳೆ ವೃತ್ತಿ ಎಂಬಲ್ಲಿ ಪ್ರೋಗ್ರಾಮರ್ ಎಂದು ಬರೆಸಿದರೆ ಅಧಿಕಾರಿಗಳು ಒಪ್ಪಲಿಲ್ಲ. ಅಂಥದ್ದೊಂದು ವೃತ್ತಿಯೇ ಇಲ್ಲ ಎಂಬುದು ಅವರ ವಾದ. ಕೊನೆಗೆ ಭೌತಶಾಸ್ತ್ರಜ್ಞ ಎಂದು ಬರೆಸಬೇಕಾಯಿತು.

ಬಾಗಿಲಿಗೆ ಕರೆಗಂಟೆ ಬೇಕೇ?

ಗಣಿತ ಕೇಂದ್ರದಲ್ಲಿ ಯಂತ್ರಗಳನ್ನು ಕಟ್ಟುತ್ತಿದ್ದವರು ಬ್ರಾಮ್ ಲೂಪ್‌ಸ್ಟ್ರಾ ಮತ್ತು ಕಾರೆಲ್ ಸ್ಕೋಲ್ಟನ್. ಯಂತ್ರ ಸಿದ್ಧವಾಗುವ ಮೊದಲೇ ಡೈಕ್‌ಸ್ಟ್ರಾ ಅದಕ್ಕೆ ಬೇಕಾದ ಪ್ರೋಗ್ರಾಂಗಳನ್ನು ಕಾಗದದ ಮೇಲೆ ಬರೆದಿಡುತ್ತಿದ್ದರು. ಓಡಿಸಿ ನೋಡಲು ಯಂತ್ರವೇ ಇಲ್ಲವಾದ್ದರಿಂದ, ಬರೆದದ್ದು ಸರಿಯೇ ಎಂದು ತರ್ಕದಿಂದಲೇ ಖಚಿತ ಮಾಡಿಕೊಳ್ಳುವುದು ಅವರಿಗೆ ಅಭ್ಯಾಸವಾಯಿತು.

ಎಕ್ಸ್1 ಎಂಬ ಹೊಸ ಕಂಪ್ಯೂಟರ್‌ನ ವಿನ್ಯಾಸ ನಡೆಯುತ್ತಿದ್ದಾಗ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಒಂದು ಸಲಹೆ ತಂದರು. ಅದೇ ಇಂಟರಪ್ಟ್.

ಇದನ್ನು ಹೀಗೆ ಅರ್ಥಮಾಡಿಕೊಳ್ಳೋಣ. ಮನೆಗೆ ಯಾರೋ ಬರಬೇಕಿದೆ, ಕರೆಗಂಟೆ ಇಲ್ಲ. ಆಗ ನೀವು ಎರಡು ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ ಇಣುಕಬೇಕು. ಕರೆಗಂಟೆ ಇದ್ದರೆ ನಿಶ್ಚಿಂತೆಯಿಂದ ಅಡುಗೆ ಮಾಡಬಹುದು, ಸದ್ದಾದಾಗ ಹೋದರೆ ಸಾಕು. ಆ ಕಾಲದ ಪ್ರಿಂಟರ್, ಪೇಪರ್ ಟೇಪ್ ಎಲ್ಲವೂ ಪ್ರೊಸೆಸರ್‌ಗಿಂತ ತೀರಾ ನಿಧಾನ. ಅವು ಮುಗಿಸುವ ತನಕ ಪ್ರೊಸೆಸರ್ ಕಾಯುತ್ತ ಕೂರಬೇಕಿತ್ತು. ಕೆಲಸ ಮುಗಿದಾಗ ಅವೇ ಗಂಟೆ ಬಾರಿಸುವಂತೆ ಮಾಡಿದರೆ ಪ್ರೊಸೆಸರ್ ಅಷ್ಟರಲ್ಲಿ ಬೇರೆ ಲೆಕ್ಕ ಮಾಡಬಹುದು.

ಕೇಳಲು ಚೆನ್ನಾಗಿದೆ. ಡೈಕ್‌ಸ್ಟ್ರಾ ಗಾಬರಿಯಾಗಿದ್ದು ಯಾಕೆ?

ಅಲ್ಲಿಯವರೆಗೆ ಅವರು ಬಳಸಿದ ಯಂತ್ರಗಳಿಗೆ ಒಂದು ಒಳ್ಳೆಯ ಗುಣವಿತ್ತು. ಅದೇ ಪ್ರೋಗ್ರಾಂ, ಅದೇ ಅಂಕಿಗಳನ್ನು ಕೊಟ್ಟರೆ ಪ್ರತಿ ಸಲವೂ ಅದೇ ಉತ್ತರ. ತಪ್ಪಿದ್ದರೆ ಆ ತಪ್ಪು ಕೂಡ ಪ್ರತಿ ಸಲ ಬರುತ್ತಿತ್ತು, ಹಾಗಾಗಿ ಹಿಡಿಯಬಹುದಿತ್ತು. ಇಂಟರಪ್ಟ್ ಬಂದರೆ ಆ ಭರವಸೆ ಮುರಿಯುತ್ತದೆ. ಗಂಟೆ ಯಾವ ಕ್ಷಣದಲ್ಲಿ ಬಡಿಯುತ್ತದೆ ಎಂಬುದು ಪ್ರತಿ ಸಲವೂ ಬೇರೆ. ಇವತ್ತು ಕಂಡ ತಪ್ಪು ನಾಳೆ ಕಾಣದೆ ಹೋಗಬಹುದು. ಕಾಣದ ತಪ್ಪನ್ನು ಹುಡುಕುವುದು ಹೇಗೆ?

ಸಹೋದ್ಯೋಗಿಗಳು ಹೊಗಳಿ, ಪುಸಲಾಯಿಸಿ ಅವರನ್ನು ಒಪ್ಪಿಸಿದರು. ಒಪ್ಪಿದ ಮೇಲೆ ಡೈಕ್‌ಸ್ಟ್ರಾ ಮೊದಲು ಕೈಗೆತ್ತಿಕೊಂಡಿದ್ದು ಒಂದೇ ಪ್ರಶ್ನೆ. ನೀವು ನೋಟು ಎಣಿಸುತ್ತಿದ್ದೀರಿ ಅಂದುಕೊಳ್ಳಿ. 47ಕ್ಕೆ ಬಂದಾಗ ಯಾರೋ ಕರೆದರು. ಹೋಗುವ ಮುನ್ನ 47 ಎಂದು ಗುರುತು ಹಾಕಿಕೊಳ್ಳದಿದ್ದರೆ ಎಣಿಕೆ ಕೆಟ್ಟಂತೆಯೇ. ಯಂತ್ರವೂ ಹಾಗೆ. ಅಡ್ಡಿ ಬಂದಾಗ ಏನೇನನ್ನು ಎತ್ತಿಟ್ಟುಕೊಳ್ಳಬೇಕು, ಹಿಂದಿರುಗುವಾಗ ಯಾವ ಕ್ರಮದಲ್ಲಿ ಮರಳಿ ಇಡಬೇಕು, ಗುರುತು ಹಾಕಿಕೊಳ್ಳುತ್ತಿರುವಾಗಲೇ ಇನ್ನೊಂದು ಗಂಟೆ ಬಡಿದರೆ ಏನು ಗತಿ? ಗಂಟೆ ಯಾವ ಕ್ಷಣದಲ್ಲಿ ಬಡಿದರೂ ಕೆಲಸ ಕೆಡದಂಥ ಕ್ರಮವೊಂದನ್ನು ಅವರು ರೂಪಿಸಿದರು. ಹತ್ತಾರು ಸಲ ಓಡಿಸಿ ನೋಡಿ ಅಲ್ಲ, ತರ್ಕದಿಂದ ಅದು ಸರಿಯೆಂದು ತೋರಿಸಿದರು. ಎಕ್ಸ್1ಗಾಗಿ ಮಾಡಿದ ಈ ಕೆಲಸವೇ 1959ರಲ್ಲಿ ಅವರ ಡಾಕ್ಟರೇಟ್ ಪ್ರಬಂಧದ ವಸ್ತುವಾಯಿತು. ಮುಂದೆ ವರ್ಷಗಟ್ಟಲೆ, ಬೇರೆಯವರ ಯಂತ್ರಗಳ ಇಂಟರಪ್ಟ್ ವಿನ್ಯಾಸಗಳಲ್ಲಿ ಅವರಿಗೆ ದೋಷಗಳು ಕಾಣುತ್ತಲೇ ಇದ್ದವು.

ಅದೇ ಪ್ರಶ್ನೆಗಳು ಇವತ್ತಿನ ಚಿಪ್‌ನಲ್ಲಿ

ವಾಷಿಂಗ್ ಮಷಿನ್, ಲಿಫ್ಟ್, ಡಿಜಿಟಲ್ ಥರ್ಮಾಮೀಟರ್ ಮುಂತಾದವುಗಳಲ್ಲಿ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಉದಾಹರಣೆಗೆ ಕಾಲೇಜು ವಿದ್ಯಾರ್ಥಿಗಳು ಬಳಸುವ ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ 328ಪಿ ಚಿಪ್ ನೋಡೋಣ. ಅದರೊಳಗೆ ರೆಜಿಸ್ಟರ್ ಎಂಬ ಸಣ್ಣ ಗೂಡುಗಳಿವೆ. ಒಂದೊಂದರಲ್ಲಿ 8 ಬಿಟ್, ಅಂದರೆ 8 ಪುಟ್ಟ ಸ್ವಿಚ್‌ಗಳು. ಇಂಟರಪ್ಟ್ ನೋಡಿಕೊಳ್ಳುವ ರೆಜಿಸ್ಟರ್‌ಗಳು ನಾಲ್ಕು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡಿರುತ್ತವೆ.

ಮೊದಲನೆಯದು, ಯಾವ ಗಂಟೆಗೆ ಅನುಮತಿ ಇದೆ? ಇದಕ್ಕೆ ಮಾಸ್ಕ್ ರೆಜಿಸ್ಟರ್. ಇದರಲ್ಲಿ ಬಿಟ್ 1 ಆಗಿದ್ದರೆ ಆ ಗಂಟೆ ಕೇಳಿಸುತ್ತದೆ, 0 ಆಗಿದ್ದರೆ ಇಲ್ಲ.

ಎರಡನೆಯದು, ಗಂಟೆ ಬಡಿಯಿತು ಎಂದು ಯಾವಾಗ ಲೆಕ್ಕ? ಇದಕ್ಕೆ ಕಂಟ್ರೋಲ್ ರೆಜಿಸ್ಟರ್. ವೋಲ್ಟೇಜ್ ಕೆಳಮಟ್ಟದಲ್ಲಿ ಇರುವಷ್ಟು ಹೊತ್ತೂ, ಬದಲಾದಾಗಲೆಲ್ಲ, ಇಳಿದಾಗ ಮಾತ್ರ, ಏರಿದಾಗ ಮಾತ್ರ ಎಂಬ ನಾಲ್ಕು ಆಯ್ಕೆಗಳನ್ನು ಎರಡು ಬಿಟ್‌ಗಳು ಹೇಳುತ್ತವೆ.

ಮೂರನೆಯದು, ಬಿಡುವಿಲ್ಲದಾಗ ಗಂಟೆ ಬಡಿದರೆ? ಫ್ಲಾಗ್ ರೆಜಿಸ್ಟರ್ ಒಂದು ಗುರುತು ಹಾಕಿಟ್ಟುಕೊಳ್ಳುತ್ತದೆ. ಆದರೆ ಅದು ಒಂದೇ ಬಿಟ್. ನೀವು ಗಮನಿಸುವ ಮೊದಲು ಎರಡು ಸಲ ಬಡಿದರೂ ಗುರುತು ಒಂದೇ.

ನಾಲ್ಕನೆಯದು, ಎಲ್ಲ ಗಂಟೆಗಳಿಗೂ ಸೇರಿ ಮೇನ್ ಸ್ವಿಚ್ ಎಲ್ಲಿದೆ? ಸ್ಟೇಟಸ್ ರೆಜಿಸ್ಟರ್‌ನ ಐ ಎಂಬ ಬಿಟ್‌ನಲ್ಲಿ. ಗಂಟೆ ಬಡಿದು ಪ್ರೊಸೆಸರ್ ಹೊರಟ ಕೂಡಲೇ ಚಿಪ್ ತಾನಾಗಿ ಈ ಬಿಟ್ ಅನ್ನು 0 ಮಾಡುತ್ತದೆ, ಕೆಲಸ ಮುಗಿಸಿ ಮರಳುವಾಗ 1 ಮಾಡುತ್ತದೆ.

ಎತ್ತಿಟ್ಟುಕೊಳ್ಳುವ ಕೆಲಸ? ಮರಳಿ ಬರಬೇಕಾದ ಜಾಗದ ವಿಳಾಸವನ್ನು ಈ ಚಿಪ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆದರೆ ಸ್ಟೇಟಸ್ ರೆಜಿಸ್ಟರನ್ನು ಎತ್ತಿಡುವುದಿಲ್ಲ. ಅದನ್ನು ಪ್ರೋಗ್ರಾಂ ಮಾಡಬೇಕು. ಡೈಕ್‌ಸ್ಟ್ರಾ ತಲೆಕೆಡಿಸಿಕೊಂಡಿದ್ದ ಪ್ರಶ್ನೆಯೇ ಇದು.

255 ಇದ್ದದ್ದು 511 ಆಗುವ ಬಗೆ

ಒಂದು ಸಾಧನ ಹನಿಗಳನ್ನು ಎಣಿಸುತ್ತಿದೆ ಅಂದುಕೊಳ್ಳಿ. ಪ್ರತಿ ಹನಿಗೂ ಒಂದು ಇಂಟರಪ್ಟ್, ಪ್ರತಿ ಇಂಟರಪ್ಟ್‌ಗೂ ಎಣಿಕೆ ಒಂದರಷ್ಟು ಏರುತ್ತದೆ. 8 ಬಿಟ್‌ನ ಒಂದು ಬೈಟ್‌ನಲ್ಲಿ 255ರವರೆಗೆ ಮಾತ್ರ ಬರೆಯಬಹುದು. ಹಾಗಾಗಿ ಎಣಿಕೆಯನ್ನು ಎರಡು ಬೈಟ್‌ಗಳಲ್ಲಿ ಇಡುತ್ತಾರೆ. ಮೇಲಿನ ಬೈಟ್‌ನ ಒಂದಕ್ಕೆ 256ರ ಬೆಲೆ.

ಈಗ ಎಣಿಕೆ 255. ಮೇಲಿನ ಬೈಟ್ 0, ಕೆಳಗಿನದು 255. ಮುಖ್ಯ ಪ್ರೋಗ್ರಾಂ ಎಣಿಕೆ ಓದಲು ಬಂದು ಮೊದಲು ಕೆಳಗಿನ ಬೈಟ್ ಓದುತ್ತದೆ. 255 ಸಿಗುತ್ತದೆ. ಸರಿಯಾಗಿ ಆ ಕ್ಷಣದಲ್ಲೇ ಒಂದು ಹನಿ ಬೀಳುತ್ತದೆ. ಇಂಟರಪ್ಟ್ ಬಂದು ಎಣಿಕೆ 256 ಆಗುತ್ತದೆ. ಈಗ ಮೇಲಿನ ಬೈಟ್ 1, ಕೆಳಗಿನದು 0. ಪ್ರೋಗ್ರಾಂ ಮರಳಿ ಬಂದು ಮೇಲಿನ ಬೈಟ್ ಓದುತ್ತದೆ. 1 ಸಿಗುತ್ತದೆ. 256ಕ್ಕೆ ತಾನು ಮೊದಲೇ ಓದಿಟ್ಟುಕೊಂಡ 255 ಸೇರಿಸಿ, 511 ಹನಿ ಬಿದ್ದಿದೆ ಎಂದು ಹೇಳುತ್ತದೆ.

ಪ್ರತಿಯೊಂದು ಹೆಜ್ಜೆಯೂ ಸರಿಯಾಗಿಯೇ ನಡೆದಿದೆ, ಉತ್ತರ ಮಾತ್ರ ದುಪ್ಪಟ್ಟಾಗಿದೆ. ಎರಡು ಓದುಗಳ ನಡುವಿನ ಸಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಎಣಿಕೆ 255ರಲ್ಲಿ ಇರುವಾಗಲೇ, ಆ ಸಂದಿನಲ್ಲೇ ಹನಿ ಬೀಳಬೇಕು. ಸಾವಿರಾರು ಸಲ ಪರೀಕ್ಷಿಸಿದರೂ ಇದು ಕಾಣದಿರಬಹುದು. ಮುಂದೊಂದು ದಿನ ಯಾರದೋ ಮನೆಯಲ್ಲಿ ಕಾಣಬಹುದು.

ಪರಿಹಾರ ಸರಳ. ಓದುವ ಮೊದಲು ಐ ಬಿಟ್ ಆಫ್ ಮಾಡಿ, ಎರಡೂ ಬೈಟ್ ಓದಿ, ಅದನ್ನು ಮೊದಲಿದ್ದ ಸ್ಥಿತಿಗೆ ತರಬೇಕು. ಹೆಚ್ಚು ಹೊತ್ತು ಆಫ್ ಇಟ್ಟರೆ ಮಾತ್ರ ಎರಡು ಹನಿಗಳು ಒಂದೇ ಗುರುತಾಗಿ, ಒಂದು ಲೆಕ್ಕ ತಪ್ಪುತ್ತದೆ. ಪರಿಹಾರ ಬೇಕೆಂದು ತಿಳಿಯುವುದು ಕುಳಿತು ಯೋಚಿಸಿದವರಿಗೆ ಮಾತ್ರ.

ಗಡ್ಡ, ಸೆಮಾಫೋರ್ ಮತ್ತು ಪ್ರಶಸ್ತಿ

1960ರಲ್ಲಿ ಡೈಕ್‌ಸ್ಟ್ರಾ ಮತ್ತು ಯಾಪ್ ಝೋನೆವೆಲ್ಡ್ ಸೇರಿ ಎಕ್ಸ್1ಗೆ ಆಲ್ಗಾಲ್ 60 ಭಾಷೆಯ ಕಂಪೈಲರ್ ಬರೆದರು. ಮುಗಿಯುವ ತನಕ ಗಡ್ಡ ತೆಗೆಯುವುದಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಮುಗಿದ ಮೇಲೆ ಝೋನೆವೆಲ್ಡ್ ಗಡ್ಡ ತೆಗೆದರು, ಡೈಕ್‌ಸ್ಟ್ರಾ ಉಳಿಸಿಕೊಂಡರು.

1962ರಲ್ಲಿ ಅವರು ಐಂಡ್‌ಹೋವನ್‌ನಲ್ಲಿ ಗಣಿತದ ಪ್ರಾಧ್ಯಾಪಕರಾದರು. ಹಲವು ಕೆಲಸಗಳು ಒಂದೇ ಮಾಹಿತಿಗೆ ಕೈಹಾಕಿದಾಗ ಜಗಳವಾಗದಂತೆ ತಡೆಯಲು, ರೈಲ್ವೆ ಕೈಮರದ ಹೆಸರಿನ ಸೆಮಾಫೋರ್ ಎಂಬ ಉಪಾಯ ಕೊಟ್ಟರು. ಒಂದು ಕೆಲಸ ಒಳಗಿದ್ದರೆ ಇನ್ನೊಂದು ಹೊರಗೆ ಕಾಯಬೇಕು. ಅಲ್ಲಿ ಅವರ ತಂಡ ಕಟ್ಟಿದ ಆಪರೇಟಿಂಗ್ ಸಿಸ್ಟಂನಲ್ಲಿ ಗಡಿಯಾರದ ಇಂಟರಪ್ಟ್‌ಗಳನ್ನು ತೀರಾ ತಳದ ಪದರವೊಂದೇ ನೋಡಿಕೊಳ್ಳುತ್ತಿತ್ತು, ಮೇಲಿನ ಪದರಗಳಿಗೆ ಆ ತಲೆನೋವು ಇರಲಿಲ್ಲ. 1968ರಲ್ಲಿ ಇದರ ವಿವರ ಪ್ರಕಟವಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅದನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಆ ಮದುವೆ ನೋಂದಣಿಯ ಪ್ರಸಂಗವನ್ನೂ ಅವರು ಹೇಳಿಕೊಂಡರು.

ಆಸ್ಪತ್ರೆಯಲ್ಲಿ ಕಂಡ ಅದೇ ಭಯ

1984ರಲ್ಲಿ ಡೈಕ್‌ಸ್ಟ್ರಾ ಅಮೆರಿಕದ ಟೆಕ್ಸಸ್‌ಗೆ ಹೋಗಿ, ಆಸ್ಟಿನ್ ನಗರದ ವಿಶ್ವವಿದ್ಯಾಲಯ ಸೇರಿದರು. ಅವರು ಅಲ್ಲಿದ್ದ ಕಾಲದಲ್ಲೇ, ಅದೇ ರಾಜ್ಯದ ಟೈಲರ್ ಎಂಬ ಊರಿನಲ್ಲಿ ಒಂದು ದುರಂತ ನಡೆಯಿತು. 1986ರ ಮಾರ್ಚ್‌ನಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಒಬ್ಬ ರೋಗಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಇಂಜಿನಿಯರ್‌ಗಳು ಬಂದು ಪರೀಕ್ಷಿಸಿದರು. ತಪ್ಪು ಮರುಕಳಿಸಲಿಲ್ಲ. ಯಂತ್ರವನ್ನು ಮತ್ತೆ ಬಳಕೆಗೆ ತಂದರು. ಏಪ್ರಿಲ್‌ನಲ್ಲಿ ಇನ್ನೊಬ್ಬ ರೋಗಿಗೆ ಹಾಗೆಯೇ ಆಯಿತು.

ಆಪರೇಟರ್ ಕೀಲಿಮಣೆಯಲ್ಲಿ ವೇಗವಾಗಿ ತಿದ್ದುಪಡಿ ಮಾಡಿದಾಗ ಮಾತ್ರ ಈ ತಪ್ಪು ಕಾಣುತ್ತಿತ್ತು. ಒಂದೇ ಹೊತ್ತಿಗೆ ಸಾಗುವ ಎರಡು ಕೆಲಸಗಳು ಒಂದೇ ಮಾಹಿತಿಯನ್ನು ಮುಟ್ಟುತ್ತಿದ್ದವು, ಸಮಯ ತಪ್ಪಿದರೆ ಒಂದಕ್ಕೆ ಇನ್ನೊಂದು ಮಾಡಿದ ಬದಲಾವಣೆ ತಿಳಿಯುತ್ತಿರಲಿಲ್ಲ. ಮೇಲಿನ ಹನಿ ಲೆಕ್ಕದ ತಪ್ಪಿಗೆ ಇದು ಹತ್ತಿರದ ಸಂಬಂಧಿ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಈ ಮಾದರಿಯ ಯಂತ್ರಗಳಿಂದ 6 ಮಂದಿಗೆ ಹೀಗೆ ವಿಕಿರಣ ತಗುಲಿತು. ಕೆಲವರು ಪ್ರಾಣ ಕಳೆದುಕೊಂಡರು. ಎಲ್ಲ ಪ್ರಕರಣಗಳಿಗೂ ಇದೇ ತಪ್ಪು ಕಾರಣವಾಗಿರಲಿಲ್ಲ. ಆದರೆ ಟೈಲರ್‌ನಲ್ಲಿ ನಡೆದದ್ದು, ಡೈಕ್‌ಸ್ಟ್ರಾ ಸುಮಾರು 30 ವರ್ಷ ಮೊದಲು ಹೆದರಿದ್ದ ಬಗೆಯ ತಪ್ಪೇ.

ಡೈಕ್‌ಸ್ಟ್ರಾ ಕೊನೆಯವರೆಗೂ ಫೌಂಟನ್ ಪೆನ್ನಿನಲ್ಲಿ ಬರೆದರು. ಕ್ರಮಸಂಖ್ಯೆ ಹಾಕಿದ 1,300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬಿಟ್ಟುಹೋಗಿದ್ದಾರೆ. 1999ರಲ್ಲಿ ನಿವೃತ್ತರಾಗಿ, ನಂತರ ನೆದರ್ಲೆಂಡ್ಸ್‌ನ ನ್ಯೂನನ್‌ಗೆ ಮರಳಿದರು. 2002ರ ಆಗಸ್ಟ್ 6ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ನಾವು ನೀವು ಮಾಡಬಹುದಾದದ್ದು

ಫೋನ್ ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡಿದರೆ ಸಾಕು. ಆದರೆ ಮನೆಯಲ್ಲಿ ಬಳಸುವ ಬಿಪಿ ಅಥವಾ ಶುಗರ್ ಮೀಟರ್, ಲಿಫ್ಟ್, ಗೀಸರ್ ಇಂಥವು ಒಮ್ಮೆ ವಿಚಿತ್ರವಾಗಿ ವರ್ತಿಸಿ ಮತ್ತೆ ಸರಿಹೋದರೆ, ದೋಷವೇ ಇಲ್ಲ ಎಂದು ಬಿಟ್ಟುಬಿಡಬೇಡಿ. ಎಷ್ಟು ಹೊತ್ತಿಗೆ ಆಯಿತು, ಯಾವ ಬಟನ್ ಒತ್ತಿದ್ದಿರಿ, ಎಷ್ಟು ಬೇಗ ಒತ್ತಿದ್ದಿರಿ, ಪರದೆಯ ಮೇಲೆ ಏನು ಬಂತು ಎಂದು ಬರೆದಿಟ್ಟುಕೊಂಡು ಕಂಪನಿಯವರಿಗೆ ತಿಳಿಸಿ. ಟೈಲರ್‌ನಲ್ಲಿ ಕೊನೆಗೂ ತಪ್ಪು ಸಿಕ್ಕಿದ್ದು, ಆ ದಿನ ತಾನು ಯಾವ ಕೀಲಿಗಳನ್ನು ಹೇಗೆ ಒತ್ತಿದ್ದೆ ಎಂಬುದನ್ನು ಆಪರೇಟರ್ ನೆನಪಿಟ್ಟುಕೊಂಡಿದ್ದರಿಂದ. ಅವರೂ ಆಸ್ಪತ್ರೆಯ ಭೌತತಜ್ಞರೂ ಸೇರಿ, ಅದೇ ವೇಗದಲ್ಲಿ ಮತ್ತೆ ಮತ್ತೆ ಟೈಪ್ ಮಾಡಿ ತಪ್ಪನ್ನು ಹಿಡಿದರು.