ರೇಷ್ಮೆಹುಳುವಿನ ಜ್ವರವೂ ಅಡಾಲ್ಫ್ ಬುಟೆನಾಂಟರೂ

ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ನಮ್ಮಂತೆಯೇ ಗಡಿಯಾಚೆ ಉಳಿದುಹೋದ ಕನ್ನಡ ಮನೆಗಳು ಅನೇಕವಿವೆ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರೂ ಅವರಲ್ಲಿದ್ದಾರೆ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಂತೂ ಹೆಸರಾದದ್ದು. ಹುಳು ಸಾಕುವ ಕನ್ನಡಿಗರ ಮಾತಿನಲ್ಲಿ ‘ಜ್ವರ’ ಎಂಬ ಶಬ್ದ ಪದೇ ಪದೇ ಬರುತ್ತದೆ. ಹುಳು ಎರಡನೆಯ ಜ್ವರಕ್ಕೆ ಕೂತಿದೆ, ಮೂರನೆಯ ಜ್ವರದಿಂದ ಎದ್ದಿದೆ ಎಂದು ಹೇಳುವುದು ವಾಡಿಕೆ. ಇದು ರೋಗವಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿದ್ದು, ಹಳೆಯ ಚರ್ಮವನ್ನು ಕಳಚುವ ಹೊತ್ತು. ಹೀಗೆ ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗಿ, ಚಂದ್ರಿಕೆಯೇರಿ ಗೂಡು ಕಟ್ಟುತ್ತದೆ. ಎಲ್ಲ ಹುಳುಗಳೂ ಒಟ್ಟಿಗೆ ಹಣ್ಣಾದರೆ ರೈತನು ಬಚಾವು. ಹಿಂದೆ ಮುಂದೆ ಆದರೆ ಸೊಪ್ಪೂ ದಂಡ, ಕೂಲಿಯೂ ದಂಡ.

ಈ ಜ್ವರಕ್ಕೆ ಅಪ್ಪಣೆ ಕೊಡುವ ವಸ್ತುವನ್ನು ಮೊದಲ ಬಾರಿಗೆ ಶುದ್ಧ ಹರಳಿನ ರೂಪದಲ್ಲಿ ಹಿಡಿದದ್ದು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟರ ಪ್ರಯೋಗಾಲಯ. ಹಿಪ್ಪುನೇರಳೆ ತೋಟಕ್ಕೂ ಅವರಿಗೂ ಏನು ಸಂಬಂಧವೆಂದು ವಾಚಕರಿಗೆ ಅನಿಸಬಹುದು. ಅವರ ಬಾಳಿನ ದಾರಿ ಅಲ್ಲಿಗೆ ಬಂದದ್ದು ಬಹಳ ಸುತ್ತುಬಳಸಿ.

1903ರ ಮಾರ್ಚ್ 24ರಂದು ಜರ್ಮನಿಯ ಉತ್ತರ ಕರಾವಳಿಯ ಲೇಹೆ ಎಂಬಲ್ಲಿ ಬುಟೆನಾಂಟರು ಜನಿಸಿದರು. ಮಾರ್ಬುರ್ಗ್‌ನಲ್ಲಿಯೂ ಗೊಟಿಂಗೆನ್‌ನಲ್ಲಿಯೂ ಕಲಿತು, ಕೊಲೆಸ್ಟರಾಲಿನ ಸಂಶೋಧನೆಗೆ ಬಾಳು ಸವೆಸಿದ ಅಡಾಲ್ಫ್ ವಿಂಡೌಸ್ ಎಂಬ ಗುರುವಿನ ಕೈಕೆಳಗೆ 1927ರಲ್ಲಿ ಡಾಕ್ಟರೇಟ್ ಪಡೆದರು. ಎರಡೇ ವರ್ಷಗಳಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ಸ್ತ್ರೀ ಹಾರ್ಮೋನನ್ನು ಬೇರ್ಪಡಿಸಿದರು. ಅಮೆರಿಕದ ಡಾಯ್ಸಿ ಎಂಬವರೂ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಸಾಧಿಸಿದ್ದರು.

ಆ ಕಾಲದ ಹಾರ್ಮೋನು ಸಂಶೋಧನೆಯೆಂದರೆ ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸವೇ ಸರಿ. ಆದರೆ ಇಲ್ಲಿ ಇಲಿಗೇ ಬೆಲೆ! 1931ರಲ್ಲಿ ಪೊಲೀಸರ ವಸತಿಗಳಿಂದ ತರಿಸಿದ ಸುಮಾರು 15,000 ಲೀಟರ್ ಮೂತ್ರವನ್ನು ಬಟ್ಟಿಯಿಳಿಸಿ, ಸೋಸಿ, ಕೊನೆಗೆ ದೊರೆತ ಆಂಡ್ರೊಸ್ಟೀರೋನ್ ಎಂಬ ಪುರುಷ ಹಾರ್ಮೋನು ಬರೇ 15 ಮಿಲಿಗ್ರಾಂ. 1934ರಲ್ಲಿ ಸುಮಾರು 50,000 ಹೆಣ್ಣುಹಂದಿಗಳ ಅಂಡಾಶಯಗಳಿಂದ 20 ಮಿಲಿಗ್ರಾಂ ಪ್ರೊಜೆಸ್ಟೆರೋನ್ ಸಿಕ್ಕಿತು. ಮರುವರ್ಷ ಟೆಸ್ಟೊಸ್ಟೆರೋನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇವುಗಳೆಲ್ಲದರ ಎಲುಬುಗೂಡು ಒಂದೇ: ಇಂಗಾಲದ ನಾಲ್ಕು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಆಕಾರ. ಗುರುಗಳು ಹುಡುಕುತ್ತಿದ್ದ ಕೊಲೆಸ್ಟರಾಲಿನ ಮನೆತನದವೇ ಇವು. ಸ್ಟೀರಾಯ್ಡ್ ಎಂಬುದು ಆ ಮನೆತನದ ಹೆಸರು. ಮುಂದೆ ಬಂದ ಗರ್ಭನಿರೋಧಕ ಗುಳಿಗೆಗೂ ಈ ಕೆಲಸವೇ ಬುನಾದಿಯಾಯಿತು.

ಕೀರ್ತಿಯ ಜೊತೆಗೆ ಕಲೆಯೂ ಅಂಟಿಕೊಂಡಿತು. ಇದನ್ನು ಬಿಟ್ಟು ಅವರ ಜೀವನ ಬರೆಯುವುದು ನ್ಯಾಯವಲ್ಲ. 1936ರಲ್ಲಿ ಅವರು ಬರ್ಲಿನ್ನಿನ ಕೈಸರ್ ವಿಲ್‌ಹೆಲ್ಮ್ ಜೀವರಸಾಯನ ಸಂಸ್ಥೆಯ ನಿರ್ದೇಶಕರಾದರು. ಆ ಕುರ್ಚಿ ತೆರವಾದದ್ದು ಕಾರ್ಲ್ ನ್ಯೂಬರ್ಗ್ ಎಂಬ ಹಿರಿಯ ವಿಜ್ಞಾನಿಯನ್ನು ಯೆಹೂದಿಯೆಂಬ ಕಾರಣಕ್ಕೆ ಹೊರಹಾಕಿದ್ದರಿಂದ. ಅದೇ ವರ್ಷ ಬುಟೆನಾಂಟರು ನಾಜಿ ಪಕ್ಷದ ಸದಸ್ಯರಾದರು. 1939ರಲ್ಲಿ ರುಜಿಚ್ಕಾ ಅವರೊಡನೆ ನೊಬೆಲ್ ಪಾರಿತೋಷಕ ಘೋಷಣೆಯಾದಾಗ ಹಿಟ್ಲರನ ನಿಷೇಧದಿಂದಾಗಿ ಸ್ವೀಕರಿಸುವಂತಿರಲಿಲ್ಲ. ಪದಕ, ಪ್ರಶಸ್ತಿಪತ್ರಗಳು ಕೈಸೇರಿದ್ದು 1949ರಲ್ಲಿ. ಆಶ್‌ವಿಟ್ಸ್ ಶಿಬಿರದಿಂದ ಮೆಂಗೆಲೆ ಕಳುಹಿಸುತ್ತಿದ್ದ ಮಾನವ ರಕ್ತ, ಅಂಗಾಂಗಗಳನ್ನು ಪಡೆಯುತ್ತಿದ್ದ ಫೆರ್ಶುಯರ್ ಎಂಬ ಪ್ರಾಧ್ಯಾಪಕನ ಪರವಾಗಿ ಬುಟೆನಾಂಟರು ಇತರ ಕೆಲವರೊಂದಿಗೆ ಹೇಳಿಕೆಗೆ ಸಹಿ ಹಾಕಿದ್ದೂ 1949ರಲ್ಲೇ.

ಯುದ್ಧದ ದಿನಗಳಲ್ಲಿ ಅವರ ಗಮನ ಕೀಟಗಳತ್ತ ಹೊರಳಿತ್ತು. ಕ್ಯೂನ್ ಎಂಬ ಪ್ರಾಣಿಶಾಸ್ತ್ರಜ್ಞರ ಜೊತೆಗೂಡಿ, ಹಿಟ್ಟಿನ ಪತಂಗದ ಕಣ್ಣಿನ ಬಣ್ಣವನ್ನು ಒಂದು ಜೀನ್, ಅಂದರೆ ವಂಶವಾಹಿ, ಯಾವ ರಾಸಾಯನಿಕದ ಮೂಲಕ ನಿರ್ಧರಿಸುತ್ತದೆಂದು 1940ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಜಪಾನಿನ ಫುಕುದಾ, ರೇಷ್ಮೆಹುಳುವಿನ ಎದೆಯ ಭಾಗದ ಗ್ರಂಥಿಯೊಂದು ಚರ್ಮ ಕಳಚುವಿಕೆಯನ್ನು ಆಳುತ್ತದೆಂದು ಕಂಡುಹಿಡಿದಿದ್ದರು. ಆ ಗ್ರಂಥಿಯ ರಸ ಯಾವುದು? ಬುಟೆನಾಂಟರೂ ಶಿಷ್ಯ ಪೀಟರ್ ಕಾರ್ಲ್‌ಸನ್ನರೂ ಬೆನ್ನುಬಿದ್ದರು. 1954ರಲ್ಲಿ 500 ಕಿಲೋ ರೇಷ್ಮೆ ಪ್ಯೂಪಾಗಳಿಂದ 25 ಮಿಲಿಗ್ರಾಂ ಹರಳು ಕೈಗೆ ಬಂತು. ಅದಕ್ಕೆ ಎಕ್ಡೈಸೋನ್ ಎಂದು ಹೆಸರಿಟ್ಟರು. ಅದರ ರಚನೆ 1965ರಲ್ಲಿ ಖಚಿತವಾದಾಗ ನೋಡಿದರೆ ಅದೂ ಸ್ಟೀರಾಯ್ಡೇ! ಮನುಷ್ಯನ ಹಾರ್ಮೋನಿಗೂ ಹುಳುವಿನ ಹಾರ್ಮೋನಿಗೂ ಒಂದೇ ಮನೆತನ.

ಅದಕ್ಕೂ ಮೊದಲೇ, 1960ರಲ್ಲಿ, ಮುಖ್ಯವಾದ ಇನ್ನೊಂದು ಸಂಗತಿ ನಡೆದಿತ್ತು. ಕಾರ್ಲ್‌ಸನ್ ಹಾಗೂ ಉಲ್ರಿಕ್ ಕ್ಲೆವರ್ ಎಂಬವರು ಒಂದು ಜಾತಿಯ ನೊಣದ ಮರಿಹುಳುವಿಗೆ ಎಕ್ಡೈಸೋನ್ ಚುಚ್ಚಿದರು. ಈ ಹುಳುವಿನ ಜೊಲ್ಲುಗ್ರಂಥಿಯ ವರ್ಣತಂತುಗಳು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವಷ್ಟು ದಪ್ಪ. ಅರ್ಧ ಗಂಟೆಯೊಳಗೆ ಅವುಗಳ ಮೇಲೆ ನಿರ್ದಿಷ್ಟ ಜಾಗಗಳಲ್ಲಿ ಉಬ್ಬುಗಳೆದ್ದವು. ಉಬ್ಬಿದ ಜಾಗವೆಂದರೆ ಜೀನ್ ಎಚ್ಚೆತ್ತು ಕೆಲಸಕ್ಕಿಳಿದ ಜಾಗ. ಹಾರ್ಮೋನು ನೇರವಾಗಿ ಜೀನನ್ನೇ ಎಬ್ಬಿಸಬಲ್ಲದೆಂಬ ಮಾತಿಗೆ ಕಣ್ಣಾರೆ ಕಾಣುವ ಪುರಾವೆ ಮೊದಲು ದೊರೆತದ್ದು ಹೀಗೆ.

ಈಗ ತಿಳಿದಿರುವ ಪ್ರಕಾರ ಹುಳುವಿನ ಜ್ವರದಲ್ಲಿ ಎರಡು ಬಗೆಯ ಸಂದೇಶಗಳಿವೆ. ಮೆದುಳಿನಿಂದ ಹೊರಡುವ ಪ್ರೋಟೀನು ಹಾರ್ಮೋನು ಮನೆಯ ಜಗಲಿಯಲ್ಲೇ ನಿಂತು ಹೇಳಿಕಳುಹಿಸುವ ನೆಂಟನಂತೆ. ಅದು ಗ್ರಂಥಿಯ ಜೀವಕೋಶದ ಹೊರಪೊರೆಯಲ್ಲಿರುವ ಗ್ರಾಹಕವನ್ನು ಮುಟ್ಟುತ್ತದೆ. ಒಳಗೆ ಒಂದು ಪ್ರೋಟೀನು ಇನ್ನೊಂದಕ್ಕೆ ಫಾಸ್ಫೇಟಿನ ಮುದ್ರೆಯೊತ್ತುತ್ತಾ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಆಗ ಗ್ರಂಥಿಯು ಎಕ್ಡೈಸೋನ್ ತಯಾರಿಸುತ್ತದೆ. ಎಕ್ಡೈಸೋನಾದರೋ ಮನೆಯವನಂತೆ ಒಳಮನೆಗೇ ಹೋಗುತ್ತದೆ. ದೇಹದ ಜೀವಕೋಶಗಳನ್ನು ಹೊಕ್ಕು, ತನ್ನ ಗ್ರಾಹಕದೊಡನೆ ಕೂಡಿ, ಡಿಎನ್‌ಎಯ ಮೇಲೆಯೇ ಕುಳಿತು ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಅವು ಮತ್ತೆ ಬೇರೆ ಜೀನ್‌ಗಳನ್ನು ಎಬ್ಬಿಸುತ್ತವೆ. ಬಾಲ್ಯದ ಹಾರ್ಮೋನೆಂಬ ಮತ್ತೊಂದು ರಸ ಹೇರಳವಾಗಿರುವಷ್ಟು ಕಾಲ ಹುಳು ಜ್ವರದಿಂದ ಏಳುವುದು ಇನ್ನೂ ದೊಡ್ಡ ಹುಳುವಾಗಿ. ಅದು ಇಳಿದ ಮೇಲೆ ಅದೇ ಎಕ್ಡೈಸೋನ್ ಹುಳುವನ್ನು ಗೂಡಿನತ್ತ ಕಳುಹಿಸುತ್ತದೆ.

ಇದು ಪುಸ್ತಕದ ವಿದ್ಯೆಯಾಗಿ ಉಳಿಯಲಿಲ್ಲ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಗಿಡಗಳಿಂದ ದೊರೆಯುವ ಎಕ್ಡೈಸೋನ್ ಬಳಗದ ವಸ್ತುವನ್ನು ‘ಸಂಪೂರ್ಣ’ ಎಂಬ ಹೆಸರಿನಲ್ಲಿ ರೈತರಿಗೆ ಒದಗಿಸಿತು. ಹುಳು ಹಣ್ಣಾಗತೊಡಗಿದಾಗ ಇದನ್ನು ಸೊಪ್ಪಿಗೆ ಸಿಂಪಡಿಸಿ ಕೊಟ್ಟರೆ ಉಳಿದವೂ ಬೇಗನೆ, ಒಟ್ಟಾಗಿ ಹಣ್ಣಾಗುತ್ತವೆ. ಸೊಪ್ಪಿನ ಕೊರತೆ ಬಿದ್ದಾಗ ಇದರ ಬೆಲೆ ತಿಳಿಯುತ್ತದೆ.

1959ರಲ್ಲಿ ಬುಟೆನಾಂಟರು ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ, ಗಂಡನ್ನು ಕರೆಯುವ ಗಂಧವಸ್ತುವನ್ನೂ ಬೇರ್ಪಡಿಸಿದರು. ಅದಕ್ಕೆ ಹಿಡಿದ ಕಾಲ ಇಪ್ಪತ್ತು ವರ್ಷಗಳಷ್ಟು. ಬೆಳೆನಾಶಕ ಕೀಟಗಳನ್ನು ಮರುಳುಗೊಳಿಸಿ ಹಿಡಿಯುವ ಇಂದಿನ ಬಲೆಗಳ ಮೂಲ ಅಲ್ಲಿದೆ. 1960ರಿಂದ 1972ರ ತನಕ ಅವರು ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಅಧ್ಯಕ್ಷರಾಗಿದ್ದು, ಜರ್ಮನ್ ವಿಜ್ಞಾನದ ಅತ್ಯಂತ ಪ್ರಭಾವಿ ವ್ಯಕ್ತಿಯೆನಿಸಿದರು. ಹಳೆಯ ವರ್ಷಗಳ ಲೆಕ್ಕ ಮಾತ್ರ ಅವರ ಆಡಳಿತದಲ್ಲಿ ಯಾರೂ ಕೇಳಲಿಲ್ಲ.

1995ರ ಜನವರಿ 18ರಂದು, 91ನೆಯ ವಯಸ್ಸಿನಲ್ಲಿ, ಅವರು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಫೆರ್ಶುಯರನ ಕೆಲಸದ ಬಗ್ಗೆ ಅವರಿಗೆ ಎಷ್ಟು ಗೊತ್ತಿತ್ತೆಂಬುದರ ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸೊಸೈಟಿಯು 1997ರಲ್ಲಿ ತನ್ನ ನಾಜಿ ಕಾಲದ ಚರಿತ್ರೆಯನ್ನು ಕೆದಕಲು ಆಯೋಗವೊಂದನ್ನು ನೇಮಿಸಿತು. 2001ರಲ್ಲಿ ಅಂದಿನ ಅಧ್ಯಕ್ಷ ಹುಬರ್ಟ್ ಮಾರ್ಕ್ಲ್ ಬರ್ಲಿನ್ನಿನಲ್ಲಿ, ಮೆಂಗೆಲೆಯ ಪ್ರಯೋಗಗಳಿಂದ ಬದುಕುಳಿದ ಅವಳಿಗಳ ಎದುರು ನಿಂತು ಕ್ಷಮೆ ಯಾಚಿಸಿದರು.