ನಿಮ್ಮ ರೀಲ್ಸ್ ಹಿಂದೊಬ್ಬ ದರ್ಜಿಯ ಮಗ

ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡಿರೋರು ಒಂದು ಲೆಕ್ಕ ಮಾಡಿ ನೋಡಿ. ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು. ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 30 ಫ್ರೇಮ್. ಹಿಂಡದೆ ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 186 ಎಂಬಿ. ಇಡೀ ದಿನದ ಡೇಟಾ ಎಂಟೇ ಸೆಕೆಂಡಿಗೆ ಖಾಲಿ. ಆದರೂ ನಮ್ಮ ಚಿನಕುರಳಿಯಲ್ಲಿ ಹುಡುಗರು ಗಂಟೆಗಟ್ಟಲೆ ರೀಲ್ಸ್ ನೋಡ್ತಾರೆ. ಅದಕ್ಕೆ ಕಾರಣ ಕೋಡೆಕ್, ಅಂದರೆ ವಿಡಿಯೋವನ್ನು ಹಿಂಡಿ ಕಳಿಸಿ ನೋಡುವಾಗ ಮತ್ತೆ ಬಿಚ್ಚಿಕೊಡುವ ವಿಧಾನ. ಅದರ ಬೇರು ಜೋಸೆಫ್ ಫೂರಿಯರ್ ಎಂಬ ಫ್ರೆಂಚ್ ಗಣಿತಜ್ಞನಲ್ಲಿದೆ. ಎಂಜಿನಿಯರಿಂಗ್ ಓದುವಾಗ ನಮಗೆ ಫೂರಿಯರ್ ಅಂದ್ರೆ ಎಂ-3 ಪೇಪರಿನಲ್ಲಿ ಗ್ಯಾರಂಟಿ ಬರೋ ಪ್ರಶ್ನೆ, ಅಷ್ಟೇ. ಆ ಮನುಷ್ಯನ ರಾಜಕೀಯವನ್ನು ಯಾರೂ ಹೇಳಿಕೊಡಲಿಲ್ಲ.

ಹುಟ್ಟಿದ್ದು 1768ರಲ್ಲಿ, ಒಸೇರ್ ಎಂಬ ಊರಲ್ಲಿ, ದರ್ಜಿಯ ಮಗನಾಗಿ. ಹತ್ತು ವರ್ಷದ ಹೊತ್ತಿಗೆ ತಬ್ಬಲಿ. ಫಿರಂಗಿ ದಳ ಸೇರುವ ಆಸೆಯಿತ್ತು, ಗಣಿತದ ಬುದ್ಧಿಯೂ ಇತ್ತು. ಕುಲೀನ ಮನೆತನದವನಲ್ಲ ಅಂತ ಬಾಗಿಲು ಹಾಕಿದರು. ಸನ್ಯಾಸಿಯಾಗಲು ಮಠಕ್ಕೆ ಹೋದ, 1789ರಲ್ಲಿ ಬಿಟ್ಟುಬಂದ. ಕ್ರಾಂತಿ ಶುರುವಾಗಿತ್ತು. ಊರಿನ ಕ್ರಾಂತಿ ಸಮಿತಿ ಸೇರಿದ ಇವನನ್ನು 1794ರಲ್ಲಿ ಕ್ರಾಂತಿಯೇ ಜೈಲಿಗೆ ಹಾಕಿತು. ರಾಬೆಸ್ಪಿಯರ್ ಬಿದ್ದದ್ದರಿಂದ ಹೊರಬಂದ.

1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ಈಜಿಪ್ಟಿಗೆ ಹೊರಟ ವಿದ್ವಾಂಸರಲ್ಲಿ ಇವನೂ ಒಬ್ಬ. ಕೈರೋದಲ್ಲಿ ತೆರೆದ ವಿದ್ಯಾಸಂಸ್ಥೆಗೆ ಕಾರ್ಯದರ್ಶಿಯಾದ. ಅದೇ ಕೈರೋದಿಂದ 1799ರ ಜನವರಿಯಲ್ಲಿ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣವೂ ಬಿತ್ತು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹಳೇ ಹೆಸರು ಬಂದದ್ದು ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳಿಂದ. ಹಾಗಾಗಿ ನಮ್ಮ ಕಡೆಯವರಿಗೆ ಈ ಕಥೆ ತೀರಾ ಪರದೇಶದ್ದಲ್ಲ. ಫೂರಿಯರ್ ಅಲ್ಲಿಗೆ ಹೋಗಿದ್ದು ವಿಜ್ಞಾನದ ಹೆಸರಲ್ಲಿ, ನಿಂತಿದ್ದು ದಾಳಿಕೋರರ ಪಕ್ಕದಲ್ಲಿ. ಅದನ್ನು ಮುಚ್ಚಿಡಬೇಕಿಲ್ಲ.

ವಾಪಸ್ ಬಂದವನನ್ನು ನೆಪೋಲಿಯನ್ 1802ರಲ್ಲಿ ಗ್ರೆನೋಬಲ್‌ಗೆ ಜಿಲ್ಲಾಧಿಕಾರಿ ಮಾಡಿ ಕಳಿಸಿದ. ಹಗಲು ಜೌಗು ಬತ್ತಿಸೋದು, ರಸ್ತೆ ಹಾಕಿಸೋದು. ಉಳಿದ ಹೊತ್ತಲ್ಲಿ ಶಾಖದ ಗಣಿತ. ಕುಲುಮೆಯಿಂದ ತೆಗೆದ ಸರಳಲ್ಲಿ ಬಿಸಿ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಆ ಏರಿಳಿತ ಎಷ್ಟೇ ಅಡ್ಡಾದಿಡ್ಡಿಯಾಗಿದ್ದರೂ ಅದನ್ನು ಸರಳ ಅಲೆಗಳ ಮೊತ್ತವಾಗಿ ಬರೆಯಬಹುದು ಅನ್ನೋದು ಅವನ ವಾದ. ಸಣ್ಣ, ಒತ್ತೊತ್ತಾದ ಅಲೆಗಳು ಬೇಗ ಆರಿಹೋಗುತ್ತವೆ; ಅಗಲವಾದವು ಬಹಳ ಹೊತ್ತು ಉಳಿಯುತ್ತವೆ.

ಕೋಡೆಕ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಚಿತ್ರವನ್ನು 8×8 ಚುಕ್ಕಿಗಳಂಥ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಗೊತ್ತಾಗದ ಒತ್ತಲೆಗಳನ್ನು ಒರಟಾಗಿ ಅಳೆಯುತ್ತೆ, ಇಲ್ಲವೇ ಬಿಟ್ಟೇಬಿಡುತ್ತೆ. ಜೊತೆಗೆ ಹಿಂದಿನ ಫ್ರೇಮಿಗೂ ಈಗಿನದಕ್ಕೂ ಇರೋ ವ್ಯತ್ಯಾಸವನ್ನಷ್ಟೇ ಕಳಿಸುತ್ತೆ. ನೆಟ್‌ವರ್ಕ್ ಕೈಕೊಟ್ಟಾಗ ಮುಖಗಳೆಲ್ಲ ಚೌಕ ಚೌಕ ಆಗೋದು ಇದರಿಂದಲೇ.

ಫೂರಿಯರ್ ತನ್ನ ಪ್ರಬಂಧವನ್ನು 1807ರಲ್ಲಿ ಪ್ಯಾರಿಸ್ಸಿಗೆ ಕೊಟ್ಟ. ಪರೀಕ್ಷಕರಲ್ಲಿ ಅವನಿಗೆ ಪಾಠ ಹೇಳಿದ್ದ ಲಗ್ರಾಂಜ್, ಲಾಪ್ಲಾಸ್ ಇದ್ದರು. ಲಗ್ರಾಂಜ್ ಒಪ್ಪಲಿಲ್ಲ. ಆಮೇಲೆ ಅದೇ ವಿಷಯಕ್ಕೆ ಸ್ಪರ್ಧೆ ಇಟ್ಟು ಬಹುಮಾನವನ್ನೇನೋ ಕೊಟ್ಟರು, ವಾದ ಬಿಗಿಯಾಗಿಲ್ಲ ಅಂತ ಕೊಕ್ಕೆಯನ್ನೂ ಹಾಕಿದರು. ಪುಸ್ತಕ ಬಂದದ್ದು 1822ರಲ್ಲಿ. ಹದಿನೈದು ವರ್ಷ! ನ್ಯಾಯವಾಗಿ ಹೇಳಬೇಕಂದ್ರೆ ಆಕ್ಷೇಪದಲ್ಲಿ ಹುರುಳಿತ್ತು, ವಾದದಲ್ಲಿ ಸಂದುಗಳಿದ್ದವು. ಆದರೆ ಸಂದು ಮುಚ್ಚಲು ಮುಂದಿನ ತಲೆಮಾರಿನವರಿಗೆ ಆ ಬರಹ ಸಿಗಬೇಕಿತ್ತಲ್ಲ?

ನಮ್ಮವರಿಗೂ ಇಂಥದ್ದೇ ಆಗಿದೆ. ಬೆಂಗಳೂರಲ್ಲಿ ಹುಟ್ಟಿ ಅಲ್ಲೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಹಣ ಕೇಳಿದರು. ಫೂರಿಯರ್‌ನ ದಾರಿಯಲ್ಲೇ ಕೊಸೈನ್ ಅಲೆಗಳನ್ನಷ್ಟೇ ಬಳಸಿ ಚಿತ್ರ ಹಿಂಡುವ ಯೋಜನೆ ಅದು. ತೀರಾ ಸರಳ ಅಂತ ತಳ್ಳಿಹಾಕಿದರು. ಹಣವಿಲ್ಲದೆಯೇ ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಕೆಲಸ ಮುಗಿಸಿ, 1974ರ ಜನವರಿಯಲ್ಲಿ ಪ್ರಕಟಿಸಿದರು. 1988ರ ಎಚ್.261, 1992ರ ಜೆಪೆಗ್, 2003ರ ಎಚ್.264 ಎಲ್ಲವೂ ಆ ಕೆಲಸದ ಮೇಲೆ ನಿಂತಿವೆ.

ಇತ್ತ ಫೂರಿಯರ್ ಕ್ರಾಂತಿ, ಚಕ್ರವರ್ತಿ, ರಾಜ ಮೂವರ ಕೆಳಗೂ ಬದುಕಿದ. ನಮ್ಮ ಕಡೆ ಪಕ್ಷಾಂತರಿ ಅಂತಿದ್ದರೇನೋ. 1816ರಲ್ಲಿ ಅಕಾಡೆಮಿಗೆ ಆಯ್ಕೆಯಾದಾಗ ನೆಪೋಲಿಯನ್ ಕಡೆಯವನು ಅಂತ ರಾಜ ಒಪ್ಪಲಿಲ್ಲ; ಮರುವರ್ಷ ಒಳಗೆ ಬಂದ, 1822ರಲ್ಲಿ ಅದರ ಕಾಯಂ ಕಾರ್ಯದರ್ಶಿಯೇ ಆದ. ಈಗ ಕಾಗದಗಳು ಬರುತ್ತಿದ್ದುದು ಅವನ ಮೇಜಿಗೆ. 1830ರಲ್ಲಿ 18 ವರ್ಷದ ಹುಡುಗನೊಬ್ಬನ ಪ್ರಬಂಧ ಬಂತು. ಅವನು ಎವಾರಿಸ್ಟ್ ಗಲ್ವಾ, ಕಟ್ಟಾ ಗಣರಾಜ್ಯವಾದಿ. ಆ ವರ್ಷ ಮೇ 16ರಂದು ಫೂರಿಯರ್ ತೀರಿಕೊಂಡ. ಹುಡುಗನ ಪ್ರಬಂಧ ಅವನ ಕಾಗದಗಳ ನಡುವೆ ಎಲ್ಲೋ ಕಳೆದುಹೋಯಿತು. ಗಲ್ವಾ ಎರಡು ವರ್ಷದ ನಂತರ ದ್ವಂದ್ವಯುದ್ಧದಲ್ಲಿ ಗುಂಡೇಟಿಗೆ ಸತ್ತ.