ಬೆಟ್ಟವನ್ನೇರಿದ ನಿಯಮ: ದಾನಚಿಂತಾಮಣಿ ಅತ್ತಿಮಬ್ಬೆ

ದಾನಚಿಂತಾಮಣಿಯೆಂಬ ಬಿರುದಿನಿಂದ ನಾಡೆಲ್ಲ ಬಲ್ಲ ಅತ್ತಿಮಬ್ಬೆಯನ್ನು ಆಕೆಯ ದಾನಕ್ಕಾಗಿ ಸ್ಮರಿಸುವವರು ಬಹುಮಂದಿ. ಆ ದಾನದ ಬೇರು ವ್ರತನಿಷ್ಠೆಯಲ್ಲಿತ್ತೆಂಬುದನ್ನು ನೆನೆಯುವವರು ವಿರಳ.

ಮಲ್ಲಪನ ಪುತ್ರಿಯರಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರೂ ಚಾಲುಕ್ಯ ಚಕ್ರವರ್ತಿ ಇಮ್ಮಡಿ ತೈಲಪನ ಸೇನಾನಿಯಾದ ನಾಗದೇವನನ್ನು ವರಿಸಿದ್ದರು. ಪತಿಯು ಅಕಾಲದಲ್ಲಿ ಮಡಿಯಲು ತಂಗಿ ಗುಂಡಮಬ್ಬೆಯು ಸಹಗಮನಗೈದಳು. ಅತ್ತಿಮಬ್ಬೆಯಾದರೋ ಚಿತೆಯನ್ನೇರಲಿಲ್ಲ. ಮಗ ಅಣ್ಣಿಗದೇವನ ಹೊಣೆಯನ್ನು ಹೊತ್ತು, ಶ್ರಾವಕ ವ್ರತಗಳನ್ನು ಕೈಕೊಂಡು, ಉಪವಾಸಗಳಿಂದ ಇಂದ್ರಿಯಗಳನ್ನು ನಿಗ್ರಹಿಸುತ್ತ ಧರ್ಮದಲ್ಲಿ ನೆಲೆನಿಂತಳು. ದುಃಖವು ದೇಹವನ್ನು ಸುಡಲೆಳಸಿದರೆ ವ್ರತವು ಕರ್ಮವನ್ನು ಸುಡುತ್ತದೆ. ಆಕೆ ಆರಿಸಿಕೊಂಡದ್ದು ಎರಡನೆಯ ಬೆಂಕಿಯನ್ನು.

ಆ ಕಾಲದಲ್ಲಿ, ೯೮೧ರ ಸುಮಾರಿಗೆ, ಚಾವುಂಡರಾಯನು ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ೫೮ ಅಡಿಯ ಬಾಹುಬಲಿ ಬಿಂಬವನ್ನು ನಿಲ್ಲಿಸಿದ್ದನು. ಆ ಗೊಮ್ಮಟ ಜಿನನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ಅತ್ತಿಮಬ್ಬೆ ನಿಯಮ ತೊಟ್ಟಳು. ಇಂದು ಯಾತ್ರಿಕರು ೬೫೦ರಷ್ಟು ಮೆಟ್ಟಿಲುಗಳನ್ನು ಹತ್ತುವ ಆ ಬರಿಯ ಬಂಡೆಯ ಬೆಟ್ಟವನ್ನು ನಿರಾಹಾರಿಯಾಗಿಯೇ ಏರಿದಳು. ಆಕೆಯ ಬಳಲಿಕೆಯನ್ನು ಕಳೆಯಲೆಂಬಂತೆ ಅಕಾಲದಲ್ಲಿ ಮಳೆ ಸುರಿಯಿತೆಂಬುದು ಪರಂಪರೆಯಿಂದ ಬಂದ ವೃತ್ತಾಂತ.

ಈ ಕಥೆಯನ್ನು ಕೇಳಿದವರು ಮಳೆಯ ಅತಿಶಯವನ್ನೇ ಹಿಡಿಯುವುದುಂಟು. ಆದರೆ ಆಕೆ ಮಳೆಯನ್ನು ಬೇಡಿರಲಿಲ್ಲ. ಫಲವನ್ನು ಬಯಸುವ ನಿದಾನವು ಮಾಯೆ, ಮಿಥ್ಯಾತ್ವಗಳೊಡನೆ ಮೂರು ಶಲ್ಯಗಳಲ್ಲೊಂದು. ಶಲ್ಯವಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ಜೀವಮಾನಪರ್ಯಂತದ ತ್ಯಾಗವು ಯಮ. ಅವಧಿಯುಳ್ಳ ತ್ಯಾಗವು ನಿಯಮ. ಅತ್ತಿಮಬ್ಬೆಯದು ನಿಯಮ. ಅದಕ್ಕೆ ದರ್ಶನವೇ ಅವಧಿ, ದರ್ಶನವೇ ಫಲ.

ಅನ್ನದ ಮೋಹವನ್ನು ಗೆದ್ದವಳಿಗೆ ಹೊನ್ನಿನ ಮೋಹವು ಉಳಿಯಲಿಲ್ಲ. ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳು; ೧೫೦೦ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಆಕೆಯ ಆಶ್ರಯದಲ್ಲಿ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವೂ ೧೦೦೭ರ ಶಾಸನವೂ ಇಂದಿಗೂ ಸಾಕ್ಷಿಯಾಗಿವೆ. ಯಳವತ್ತಿ, ಲಕ್ಷ್ಮೇಶ್ವರ ಸೀಮೆಯ ಶ್ರಾವಕರಿಗೆ ಗದಗಿನ ಆಚೆಗಿರುವ ಈ ಪುಣ್ಯಸ್ಥಳವು ದೂರದ್ದಲ್ಲ.

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಹಿಡಿಯುವ ನಮ್ಮ ಗೃಹಿಣಿಯರು ಶಕ್ತಿಯನ್ನರಿತು ನಿಯಮ ತೊಡಲಿ, ತೊಟ್ಟುದನ್ನು ಕಡೆಮುಟ್ಟಿಸಲಿ, ಪ್ರತಿಫಲವನ್ನು ಎಣಿಸದಿರಲಿ. ಅತ್ತಿಮಬ್ಬೆ ಏರಿದ ಬೆಟ್ಟವು ಪ್ರತಿಯೊಂದು ಮನೆಯಲ್ಲಿಯೂ ಇದೆ.